ಅಲ್ಹಾಂಬ್ರಾ ಟಿಕೆಟ್ ಕೊಳ್ಳುವವರು ಇದನ್ನೊಮ್ಮೆ ಓದಿ

ಸ್ಪೇನಿನ ಗ್ರನಾಡಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮಧ್ಯಯುಗದ ಮುಸ್ಲಿಂ ಅರಸರ ಕೋಟೆ, ಅರಮನೆ, ತೋಟಗಳ ಸಮುಚ್ಚಯವಾದ ಅಲ್ಹಾಂಬ್ರಾ ನೋಡಲೆಂದೇ ಹೋಗುತ್ತಾರೆ. ನಾವೂ ಹಾಗೆಯೇ ಹೋದವರು. ಆದರೆ ಅದರ ತಿರುಳಾದ, ಗ್ರನಾಡಾವನ್ನಾಳಿದ ನಸ್ರಿದ್ ವಂಶದ ಅರಸರ ಅರಮನೆಗಳ ಬಾಗಿಲವರೆಗೆ ನಡೆದು, ಒಳಗೆ ಕಾಲಿಡಲಾಗದೆ ಹಿಂತಿರುಗಿದೆವು. ಇದರಲ್ಲಿ ನನ್ನ ಅಜಾಗರೂಕತೆಯ ಪಾಲೂ ಇರುವುದರಿಂದ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ವಿಮಾನ, ಹೋಟೆಲು ಎಲ್ಲ ನಿಗದಿಯಾದ ಮೇಲೆ, ಪ್ರಯಾಣಕ್ಕೆ ಮೂರು ವಾರವಿದ್ದಾಗ ಟಿಕೆಟ್ಟಿನ ನೆನಪಾಯಿತು. ಅಷ್ಟರಲ್ಲಿ ಅಧಿಕೃತ ಜಾಲತಾಣದಲ್ಲಿ ನಮ್ಮ ದಿನಗಳ ಟಿಕೆಟ್ಟುಗಳೆಲ್ಲ ಮುಗಿದಿದ್ದವು. ಮತ್ತೆ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಂಡ ಜಾಹೀರಾತಿನ ತಾಣವೊಂದು, ಕೋಟೆಯ ಚಿತ್ರ ಹಾಕಿಕೊಂಡು ಥೇಟ್ ಸರ್ಕಾರಿ ತಾಣದಂತೆಯೇ ಇತ್ತು. ‘ಅಲ್ಹಾಂಬ್ರಾ ಪ್ರವೇಶ, ಸರದಿಯ ಕಾಟವಿಲ್ಲ’ ಎಂದಿದ್ದ ಟಿಕೆಟ್ಟುಗಳನ್ನು ಎರಡು ಪಟ್ಟಿಗಿಂತ ಹೆಚ್ಚು ಹಣ ಕೊಟ್ಟು, ನನಗೆ, ಪತ್ನಿಗೆ, ತಾಯಿಗೆ ಎಂದು ಮೂರು ಕೊಂಡೆ. ಬಂದ ಪಿಡಿಎಫ್ ಸ್ಪ್ಯಾನಿಷ್‌ನಲ್ಲಿತ್ತು. ನಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಾಗಿದ್ದುದರಿಂದ ಉಳಿದ ಸಾಲುಗಳನ್ನು ಓದುವ ಗೋಜಿಗೆ ಹೋಗಲಿಲ್ಲ.

ಆ ದಿನ ಬೆಳಿಗ್ಗೆ ಎಲ್ಲವೂ ಸುಗಮವಾಗಿತ್ತು. ಆ ಅರಸರ ವಿಹಾರಧಾಮವಾಗಿದ್ದ ಹೆನೆರಾಲಿಫೆಯ ತೋಟದಲ್ಲಿ ಉದ್ದನೆಯ ನೀರಿನ ಕಾಲುವೆಯ ಪಕ್ಕ ನಡೆದೆವು, ಅಲ್ಕಸಾಬಾ ಕೋಟೆಯ ಬುರುಜು ಹತ್ತಿ ಎದುರಿನ ಹಳೆಯ ಬಡಾವಣೆ ಅಲ್ಬಾಯ್ಸಿನ್‌ನ ಬೀದಿಗಳನ್ನೂ ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮವನ್ನೂ ನೋಡಿದೆವು. ಎರಡು ಕಡೆಯೂ ಟಿಕೆಟ್ ಸ್ಕ್ಯಾನ್ ಆಗಿದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ನಸ್ರಿದ್ ಅರಮನೆಯ ಬಾಗಿಲಲ್ಲಿ ಮಾತ್ರ ಯಂತ್ರ ಒಪ್ಪಲಿಲ್ಲ. ಸಿಬ್ಬಂದಿಯಾಕೆ ನಮ್ಮ ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು: ‘ಹಾರ್ದಿನೆಸ್, ಹೆನೆರಾಲಿಫೆ ಇ ಅಲ್ಕಸಾಬಾ’, ಅಂದರೆ ತೋಟಗಳು, ಹೆನೆರಾಲಿಫೆ ಮತ್ತು ಅಲ್ಕಸಾಬಾ ಮಾತ್ರ. ಟಿಕೆಟ್ ನಕಲಿಯಲ್ಲ, ಅಸಲಿಯೇ. ಅರಮನೆಯಿಲ್ಲದ ಅಗ್ಗದ ಟಿಕೆಟ್ಟನ್ನು ಪೂರ್ತಿ ಟಿಕೆಟ್ಟೆಂಬ ಭ್ರಮೆ ಹುಟ್ಟಿಸಿ ಮಾರಿದ್ದರು. ಅರಮನೆಯೊಳಗೆ ನಿಗದಿತ ಸಮಯಕ್ಕೆ ನಿಗದಿತ ಸಂಖ್ಯೆಯ ಜನರನ್ನಷ್ಟೇ ಬಿಡುವುದರಿಂದ, ಅಲ್ಲಿ ನಿಂತು ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ನಸ್ರಿದ್ ಸುಲ್ತಾನ ಐದನೆಯ ಮುಹಮ್ಮದ್ ಕಟ್ಟಿಸಿದ ಸಿಂಹಗಳ ಅಂಗಳ, ಅದರ ಕಾರಂಜಿಯನ್ನು ಹೊತ್ತ 12 ಅಮೃತಶಿಲೆಯ ಸಿಂಹಗಳು, ‘ದೇವರ ಹೊರತು ಜಯಶಾಲಿ ಬೇರಿಲ್ಲ’ ಎಂದು ಮತ್ತೆಮತ್ತೆ ಬರೆದ ಗಾರೆಯ ಗೋಡೆಗಳು, ಎಲ್ಲವೂ ಆ ಬಾಗಿಲಿನಾಚೆಗೇ ಉಳಿದವು. ಬೇಲೂರು, ಹಳೇಬೀಡುಗಳ ಕಲ್ಲಿನ ಕುಸುರಿಯನ್ನು ನೋಡಿ ಬೆಳೆದ ತಾಯಿಗೆ ಗಾರೆಯಲ್ಲಿ ಅಂಥದ್ದನ್ನು ಹೇಗೆ ಮಾಡಿದರೆಂಬ ಕುತೂಹಲವಿತ್ತು. “ಸಿಂಹ ಎಲ್ಲಪ್ಪ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಪಕ್ಕದಲ್ಲೇ ಇರುವ ಐದನೆಯ ಚಾರ್ಲ್ಸ್ ದೊರೆಯ ಅರಮನೆಯಲ್ಲಿ ಕುಳಿತೆವು. ಹೊರಗೆ ಚೌಕ, ಒಳಗೆ ವೃತ್ತಾಕಾರದ ಅಂಗಳವಿರುವ ಈ ಕಟ್ಟಡವನ್ನು 1527ರಲ್ಲಿ ಆರಂಭಿಸಿದರು. ಅದಕ್ಕೆ ಸೂರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದನ್ನು ನೋಡಲು ಟಿಕೆಟ್ಟೇ ಬೇಡ. ಮುಸ್ಲಿಂ ಅರಸರ ಅರಮನೆಗೆಂದು ದುಡ್ಡು ತೆತ್ತು, ಕ್ರೈಸ್ತ ಚಕ್ರವರ್ತಿಯ ಅರಮನೆಯನ್ನು ಬಿಟ್ಟಿಯಾಗಿ ನೋಡಿ ಬಂದಂತಾಯಿತು.

ಹೋಗುವವರು ಮೊದಲು ಟಿಕೆಟ್ಟಿನ ದಿನ ಗೊತ್ತುಮಾಡಿಕೊಂಡು ಆಮೇಲೆ ಹೋಟೆಲು ನೋಡಿ. ಸ್ಮಾರಕವನ್ನು ನಡೆಸುವ ‘ಪಾತ್ರೊನಾತೊ ದೆ ಲಾ ಅಲ್ಹಾಂಬ್ರಾ ಇ ಹೆನೆರಾಲಿಫೆ’ಯ ಸ್ವಂತ ತಾಣದಲ್ಲೇ ಕೊಳ್ಳಿ. ಟಿಕೆಟ್ಟಿನ ಮೇಲೆ ‘ಪಲಾಸಿಯೋಸ್ ನಸಾರಿಯೆಸ್’ (ನಸ್ರಿದ್ ಅರಮನೆಗಳು) ಎಂಬ ಪದಗಳೂ ಅವುಗಳಿಗೊಂದು ಸಮಯವೂ ಇರಲೇಬೇಕು. ಆ ಸಮಯ ಅರಮನೆಯ ಬಾಗಿಲಿನದೇ ಹೊರತು ಟಿಕೆಟ್ ಕಚೇರಿಯ ಬಳಿಯ ಹೆಬ್ಬಾಗಿಲಿನದಲ್ಲ. ಅಲ್ಲಿಂದ ಅರಮನೆಗೆ ಸುಮಾರು ಕಾಲು ಗಂಟೆ ನಡೆಯಬೇಕಾಗುತ್ತದೆ, ವಯಸ್ಸಾದವರಿದ್ದರೆ ಇನ್ನೂ ಹೆಚ್ಚು. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಹಗಲಿನ ಟಿಕೆಟ್ ಮುಗಿದಿದ್ದರೆ, ನಸ್ರಿದ್ ಅರಮನೆಗಳನ್ನು ರಾತ್ರಿ ನೋಡಲು ಪ್ರತ್ಯೇಕ ಟಿಕೆಟ್ ಉಂಟು. ನನಗದು ತಿಳಿದದ್ದು ಊರಿಗೆ ಮರಳಿದ ಮೇಲೆ.

ಇನ್ನೊಂದು ಸಣ್ಣ ಮಾತು. ಗ್ರನಾಡಾವನ್ನು ಗೆದ್ದ ಕ್ರೈಸ್ತ ದೊರೆಗಳಾದ ಇಸಬೆಲ್ಲಾ ಮತ್ತು ಫರ್ಡಿನಾಂಡರ ಸಮಾಧಿಯಿರುವ, ಊರೊಳಗಿನ ರಾಜ ಪ್ರಾರ್ಥನಾಲಯದ ಸುತ್ತಮುತ್ತ ಯಾರಾದರೂ ರೋಸ್‌ಮರಿ ಕಡ್ಡಿಯನ್ನು ಕೈಗಿಡಲು ಬಂದರೆ ತೆಗೆದುಕೊಳ್ಳಬೇಡಿ. ಹಿಡಿದ ಮರುಕ್ಷಣವೇ ಭವಿಷ್ಯ ಹೇಳಿ ಹಣಕ್ಕೆ ಪಟ್ಟುಹಿಡಿಯುತ್ತಾರೆ.

ಟಿಕೆಟ್ ಮಾರಿದವರಿಗೆ ಮೂರು ಬಾರಿ ಬರೆದೆ. ನಾವು ಮಾರಿದ್ದು ಅಲ್ಹಾಂಬ್ರಾ ಪ್ರವೇಶ, ನೀವು ಪ್ರವೇಶಿಸಿದ್ದೀರಿ ಎಂಬುದು ಅವರ ಉತ್ತರ. ಅವರ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ ಅರಮನೆ ಸೇರಿಲ್ಲವೆಂದು ಬರೆದಿತ್ತೆಂಬ ಕಾರಣ ಕೊಟ್ಟು ಬ್ಯಾಂಕೂ ನನ್ನ ದೂರನ್ನು ತಳ್ಳಿಹಾಕಿತು.