ಭಿನ್ನರಾಶಿ ಕಲಿಸಲು ವೃತ್ತವೋ, ಸಂಖ್ಯಾರೇಖೆಯೋ?

ಮಗುವಿಗೆ ಮನೆಯಲ್ಲೇ ಭಿನ್ನರಾಶಿ ಹೇಳಿಕೊಡಲು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಾಮಗ್ರಿ ಹುಡುಕುತ್ತಿದ್ದರೆ, ವೃತ್ತದ ತುಂಡುಗಳ ಮೇಲೆ ಮೊದಲು ಕಣ್ಣು ಬೀಳುವುದು ಸಹಜ. ಆರಂಭಕ್ಕೆ ಅವು ಒಳ್ಳೆಯವೇ. ಚಪಾತಿಯನ್ನು ನಾಲ್ಕು ಭಾಗ ಮಾಡಿದರೆ 1/4 ಏನೆಂದು ತಿಳಿಯುತ್ತದೆ. ಭಾಗಗಳು ಸಮನಾಗಿರಬೇಕು ಎಂಬುದನ್ನು ಮಾತ್ರ ಒತ್ತಿ ಹೇಳಿ.

ತೊಡಕು ಶುರುವಾಗುವುದು 5/4 ಬಂದಾಗ. "ಇರೋದೇ ನಾಲ್ಕು ತುಂಡು, ಐದು ಎಲ್ಲಿಂದ ಬಂತಮ್ಮಾ?" ಎಂದು ಮಗು ಕೇಳುತ್ತದೆ. ಭಿನ್ನರಾಶಿ ಯಾವಾಗಲೂ ಒಂದಕ್ಕಿಂತ ಕಡಿಮೆ ಎಂಬ ತಪ್ಪುಕಲ್ಪನೆ ಬೇರೂರುವುದು ಹೀಗೆ. 0, 1, 2 ಎಂದು ಸಮ ಅಂತರದಲ್ಲಿ ಗುರುತು ಹಾಕಿದ ಸಂಖ್ಯಾರೇಖೆಯಲ್ಲಾದರೆ 1 ದಾಟಿ ಇನ್ನೊಂದು ಕಾಲು ಭಾಗ ಮುಂದೆ ಹೋದರಾಯಿತು. 8 ದೊಡ್ಡದು, ಹಾಗಾಗಿ 1/8 ಕೂಡ 1/4ಕ್ಕಿಂತ ದೊಡ್ಡದು ಎನ್ನುವ ಮಗುವಿಗೆ ಎರಡರ ಜಾಗವೂ ಕಣ್ಣೆದುರೇ ಇರುತ್ತದೆ. ಇನ್ನೂ ಮುಖ್ಯವಾದದ್ದು, 1/2 + 1/3 = 2/5 ಎಂದು ಬರೆದರೆ 2/5 ಅರ್ಧಕ್ಕಿಂತ ಹಿಂದೆಯೇ ಇದೆಯಲ್ಲ ಎಂದು ಮಗು ತಾನೇ ತಪ್ಪು ಹಿಡಿಯಬಲ್ಲದು. ಈ ಒಂದು ಲಾಭಕ್ಕಾಗಿಯೇ ನನ್ನ ಮತ ರೇಖೆಗೆ.

ಅದಕ್ಕೂ ಕೊರತೆಯಿದೆ: ಮಕ್ಕಳು ಗೆರೆಗಳ ನಡುವಿನ ಅಂತರ ಬಿಟ್ಟು ಗೆರೆಗಳನ್ನೇ ಎಣಿಸುತ್ತಾರೆ. ಉದ್ದನೆಯ ಕಾಗದದ ಪಟ್ಟಿ ಮಡಚಿಸಿ, ಪ್ರತಿ ಅಂತರದ ಮೇಲೂ ಬೆರಳಾಡಿಸಲು ಹೇಳಿ. ಖರ್ಚೂ ಇಲ್ಲ.