ವಂಶವೃಕ್ಷದ ತಂತ್ರಾಂಶ ಗ್ರ್ಯಾಂಪ್ಸ್ ಜೊತೆ ಐದು ವರ್ಷ: ಊರಿನ ಪುಟಕ್ಕಾಗಿಯೇ ಇಟ್ಟುಕೊಂಡಿದ್ದೇನೆ

ಮುತ್ತಜ್ಜನ ಊರು ನೋಡಬೇಕು ಅಂತ ಹೊರಟು, ಯಾರದೋ ಊರಿನಲ್ಲಿ ಇಡೀ ದಿನ ಅಲೆದು ಬಂದಿದ್ದೇನೆ. ಆಗ ವಂಶವೃಕ್ಷಕ್ಕೆ ದುಡ್ಡು ಕಟ್ಟಿ ಒಂದು ಜಾಲತಾಣ ಬಳಸುತ್ತಿದ್ದೆ. ಊರಿನ ಹೆಸರಿನ ನಾಲ್ಕು ಅಕ್ಷರ ಹೊಡೆದರೆ ಸಾಕು, ಉಳಿದ ವಿಳಾಸವನ್ನು ಅದೇ ತುಂಬುತ್ತಿತ್ತು. ಒತ್ತಿಬಿಟ್ಟೆ. ನಕ್ಷೆಯಲ್ಲಿ ಗುರುತೂ ಬಿತ್ತು. ಅದೇ ಹೆಸರಿನ ಇನ್ನೊಂದು ಊರು ಇರಬಹುದು ಅಂತ ನನಗೆ ಹೊಳೆಯಲಿಲ್ಲ, ಅದೂ ಹೇಳಲಿಲ್ಲ.

ಮನೆಗೆ ಬಂದವನೇ ಆ ಜಾಲತಾಣದಿಂದ ಗಂಟುಮೂಟೆ ಕಟ್ಟಿದೆ. ವಂಶವೃಕ್ಷವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಬಳಸುವ ಜೆಡ್‌ಕಾಮ್ ಫೈಲ್ ಇಳಿಸಿಕೊಂಡರೆ ಹೆಸರು, ತಾರೀಖು, ಸಂಬಂಧ ಎಲ್ಲ ಬಂದವು, ಫೋಟೋ ಒಂದೂ ಬರಲಿಲ್ಲ. ಜೆಡ್‌ಕಾಮ್ 1984ರಷ್ಟು ಹಳೇ ಪದ್ಧತಿ. ಅದರಲ್ಲಿ ಬರೀ ಅಕ್ಷರ, ಫೋಟೋ ಎಲ್ಲಿದೆ ಅನ್ನುವ ಗುರುತು ಅಷ್ಟೇ. ಫೋಟೋಗಳನ್ನೂ ಸೇರಿಸಿ ಒಂದೇ ಕಟ್ಟಾಗಿ ಒಯ್ಯುವ ವ್ಯವಸ್ಥೆ ಬಂದಿದ್ದು 2021ರ 7.0 ಆವೃತ್ತಿಯಲ್ಲಿ. ಹಾಗಾಗಿ ಒಂದೊಂದೇ ಫೋಟೋ ಇಳಿಸುತ್ತಾ ಕೂತೆ. ಆ ಸಿಟ್ಟಿನಲ್ಲೇ ಗ್ರ್ಯಾಂಪ್ಸ್ ಹಾಕಿಕೊಂಡೆ. ಪೂರ್ತಿ ಉಚಿತ. ಎಲ್ಲ ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ. ಚಂದಾ ಮುಗಿಯಿತು ಅಂತ ಯಾರೂ ಬಾಗಿಲು ಹಾಕುವುದಿಲ್ಲ.

ಮೊದಲ ತಿಂಗಳು ಸಾಕು ಸಾಕಾಯಿತು ನಿಜ. ಒಬ್ಬರ ಹುಟ್ಟಿದ ದಿನ ಬರೆಯಲು ಕಿಟಕಿಯ ಮೇಲೆ ಕಿಟಕಿ ತೆರೆಯಬೇಕು. ವ್ಯಕ್ತಿಗೆ ಒಂದು ಪುಟ, ಘಟನೆಗೆ ಒಂದು, ಆಧಾರಕ್ಕೆ ಒಂದು. ಬಿಟ್ಟುಬಿಡೋಣ ಅನ್ನುವ ಹೊತ್ತಿಗೆ ಊರಿನ ಪುಟ ಕಣ್ಣಿಗೆ ಬಿತ್ತು.

ಇಲ್ಲಿ ಊರಿಗೂ ಮನುಷ್ಯರ ಹಾಗೆ ಬಾಳು ಇದೆ. ಒಂದೇ ಊರಿಗೆ ಎಷ್ಟು ಹೆಸರು ಬೇಕಾದರೂ ಕೊಡಬಹುದು. ಯಾವ ಹೆಸರು ಯಾವಾಗಿಂದ ಯಾವಾಗಿನವರೆಗೆ, ಯಾವ ಭಾಷೆಯಲ್ಲಿ ಅಂತ ಬರೆಯಬಹುದು. ಸೇಂಟ್ ಪೀಟರ್ಸ್‌ಬರ್ಗ್ 1914ರಲ್ಲಿ ಪೆಟ್ರೋಗ್ರಾಡ್ ಆಯಿತು, 1924ರಲ್ಲಿ ಲೆನಿನ್‌ಗ್ರಾಡ್ ಆಯಿತು, 1991ರಲ್ಲಿ ಮತ್ತೆ ಹಳೇ ಹೆಸರಿಗೆ ಬಂತು. ಇಷ್ಟನ್ನು ಒಂದು ಸಲ ಬರೆದಿಟ್ಟರೆ ಸಾಕು, 1920ರಲ್ಲಿ ಅಲ್ಲಿ ಹುಟ್ಟಿದವರ ಮುಂದೆ ಪೆಟ್ರೋಗ್ರಾಡ್ ಅಂತಲೇ ಕಾಣುತ್ತದೆ. ಊರು ಯಾವುದಕ್ಕೆ ಸೇರಿತ್ತು ಅನ್ನುವುದಕ್ಕೂ ಹೀಗೇ ತಾರೀಖು ಹಾಕಬಹುದು. ಸ್ಟ್ರಾಸ್‌ಬರ್ಗ್ 1871ರಲ್ಲಿ ಜರ್ಮನಿಗೆ ಹೋಗಿ, ಮೊದಲ ಮಹಾಯುದ್ಧದ ನಂತರ ಫ್ರಾನ್ಸ್‌ಗೆ ಮರಳಿತಲ್ವಾ, ಅಂಥ ಕಡೆ ಇದು ತುಂಬಾ ಬೇಕು. ಹಳೇ ಕಾಗದ ಸಿಗುವುದು ಈಗಿನ ಹೆಸರಿನಲ್ಲಲ್ಲ, ಆಗ ಊರನ್ನು ಆಳುತ್ತಿದ್ದ ಕಚೇರಿಯ ಹೆಸರಿನಲ್ಲಿ.

ಈಗ ರಾತ್ರಿ ಊಟ ಆದ ಮೇಲೆ ಒಂದು ಕಾಗದ ತೆಗೆಯುತ್ತೇನೆ. ದಿನಕ್ಕೆ ಒಂದೇ. ಮೊದಲು ಅದು ಎಲ್ಲಿ ಸಿಕ್ಕಿತು ಅಂತ ಬರೆಯುತ್ತೇನೆ, ಆಮೇಲೆ ಅದರಲ್ಲಿ ಏನಿದೆ ಅಂತ. ಕೊನೆಗೆ ಅದನ್ನು ಎಷ್ಟು ನಂಬಬಹುದು ಅಂತ ಗುರುತು ಹಾಕುತ್ತೇನೆ. ತೀರಾ ಕಡಿಮೆಯಿಂದ ತುಂಬಾ ಜಾಸ್ತಿಯವರೆಗೆ ಐದು ಮೆಟ್ಟಿಲಿವೆ. ಆ ಮೆಟ್ಟಿಲು ಆರಿಸುವ ಮುಂಚೆ ಕಾಗದವನ್ನು ಇನ್ನೊಂದು ಸಲ ಓದದೆ ಇರಲು ಆಗುವುದಿಲ್ಲ.

ಒಂದು ರಾತ್ರಿ ಹಾಗೇ ಮುತ್ತಜ್ಜನ ಕಾರ್ಡು ಕೈಗೆ ಬಂತು. ಅಂಚೆ ಮುದ್ರೆ ಅರ್ಧ ಅಳಿಸಿತ್ತು. ದೀಪದ ಕೆಳಗೆ ಕಾರ್ಡನ್ನು ಓರೆಯಾಗಿ ಹಿಡಿದಾಗ ಮಸಿ ಹೋದ ಕಡೆಯೂ ಅಕ್ಷರದ ಒತ್ತು ಕಂಡಿತು. ನಾನು ಅಲೆದ ಊರಿನ ಹೆಸರೇ. ಆದರೆ ಕೆಳಗೆ ಬೇರೆ ಜಿಲ್ಲೆ. ಹಳೇ ನಕ್ಷೆಯಲ್ಲಿ ಆ ಜಿಲ್ಲೆ ಹುಡುಕಿದೆ. ಊರು ಸಿಕ್ಕಿತು. ಈಗ ಅದಕ್ಕೆ ಹೆಸರೂ ಬೇರೆ, ಜಿಲ್ಲೆಯೂ ಬೇರೆ.

ಈ ಸಲ ಊರಿನ ಪುಟವನ್ನು ಪ್ರಿಂಟ್ ಮಾಡಿಕೊಂಡು ಹೋದೆ. ಹಳೇ ಹೆಸರು ಹೇಳಿದರೆ ಹುಡುಗರಿಗೆ ಗೊತ್ತಾಗಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅಜ್ಜಿಗೆ ಗೊತ್ತಾಯಿತು. "ಆ ಹೆಸರು ಕೇಳಿ ಎಷ್ಟು ವರ್ಷ ಆಯ್ತಪ್ಪ" ಅಂದರು. ಕೋಲು ಊರಿಕೊಂಡು ಜೊತೆಗೇ ಬಂದು ಒಂದು ಖಾಲಿ ಜಾಗ ತೋರಿಸಿದರು. ಮನೆ ಇಲ್ಲ. ಹುಲ್ಲಿನ ನಡುವೆ ಮೂರು ಕಲ್ಲುಮೆಟ್ಟಿಲು ಇವೆ. ನಡುವಿನದು ಸವೆದು ಗುಳಿಬಿದ್ದಿದೆ. ಅದರ ಮೇಲೆ ಸುಮ್ನೆ ಕೂತಿದ್ದೆ, ತುಂಬಾ ಹೊತ್ತು.

ಮೊಬೈಲಿನಲ್ಲೇ ಎಲ್ಲ ಆಗಬೇಕು ಅನ್ನುವವರಿಗೆ ಗ್ರ್ಯಾಂಪ್ಸ್ ಹೇಳಿಮಾಡಿಸಿದ್ದಲ್ಲ, ಕಂಪ್ಯೂಟರ್ ಬೇಕು. ಬ್ಯಾಕಪ್ಪನ್ನೂ ನೀವೇ ತೆಗೆದಿಡಬೇಕು. ನಾನು ಭಾನುವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಬರೀ ಹೆಸರುಗಳ ಮರ ಸಾಕು ಅನ್ನುವವರಿಗೆ ಇಷ್ಟೊಂದು ಕಿಟಕಿಗಳು ಬೇಡವೇ ಬೇಡ.

ಆ ರಾತ್ರಿ ಅಜ್ಜಿಯ ಮಾತನ್ನು ಆಧಾರವಾಗಿ ಬರೆದೆ. ಅವರು ಆ ಮನೆಯನ್ನು ಕಂಡವರಲ್ಲ, ಅವರ ಅತ್ತೆ ಹೇಳಿದ್ದನ್ನು ಕೇಳಿದವರು. ನಂಬಿಕೆಯ ಗುರುತು 'ಕಡಿಮೆ' ಅಂತ ಹಾಕಿದೆ. ಮೆಟ್ಟಿಲಿನ ಫೋಟೋ ಸೇರಿಸಿ, ಅಕ್ಷಾಂಶ ರೇಖಾಂಶ ತುಂಬಿ, ಉಳಿಸಿದೆ.