ಜೆಪಿಎಲ್ ಆರ್ಬಿಟ್ ವ್ಯೂವರ್: ಸೂರ್ಯನ ಹತ್ತಿರ ನುಗ್ಗುವ ಕಲ್ಲುಗಳನ್ನು ನೋಡೋಕೆ ಇದೇ ಸರಿ

ನಾಸಾದ ಜೆಪಿಎಲ್ (ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ) ನಡೆಸುವ ಸ್ಮಾಲ್ ಬಾಡಿ ಡೇಟಾಬೇಸ್ ಅಂದ್ರೆ ಕ್ಷುದ್ರಗ್ರಹ, ಧೂಮಕೇತುಗಳ ಮಾಹಿತಿ ಸಿಗುವ ವೆಬ್‌ಸೈಟ್. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಲಾಗಿನ್ನೂ ಬೇಕಿಲ್ಲ. 3200 ಅಂತ ಟೈಪ್ ಮಾಡಿ, ಫೇಥಾನ್ ಬರುತ್ತದೆ. 1983ರಲ್ಲಿ ಐರಾಸ್ ಉಪಗ್ರಹಕ್ಕೆ ಸಿಕ್ಕ ಕ್ಷುದ್ರಗ್ರಹ ಇದು. ಡಿಸೆಂಬರ್‌ನಲ್ಲಿ ನಾವು ನೋಡುವ ಜೆಮಿನಿಡ್ ಉಲ್ಕೆಗಳು ಇದರಿಂದ ಉದುರಿದ ಚೂರುಗಳೇ.

ಎಕ್ಸೆಂಟ್ರಿಸಿಟಿ (ಕಕ್ಷೆ ವೃತ್ತಕ್ಕಿಂತ ಎಷ್ಟು ಉದ್ದಕ್ಕೆ ಎಳೆದಂತಿದೆ ಅನ್ನೋ ಅಳತೆ) 0.89 ಅಂತ ಸುಮ್ನೆ ಓದಿದರೆ ತಲೆಗೆ ಏನೂ ಹೋಗಲ್ಲ, ಅಲ್ವಾ? ಅದೇ ಪುಟದಲ್ಲಿ ಕಕ್ಷೆಯನ್ನು ಚಲಿಸುವ ಚಿತ್ರವಾಗಿ ತೋರಿಸುವ ಆರ್ಬಿಟ್ ವ್ಯೂವರ್ ತೆರೆದು ಪ್ಲೇ ಒತ್ತಿ. ಮಂಗಳನ ಕಕ್ಷೆಯಾಚೆ ಸುಮಾರು 36 ಕೋಟಿ ಕಿ.ಮೀ. ದೂರದಲ್ಲಿ ತೆವಳುತ್ತಿದ್ದ ಚುಕ್ಕೆ, ಒಳಗೆ ಬರ್ತಾ ಬರ್ತಾ ವೇಗ ಏರಿಸಿಕೊಂಡು, ಬುಧನಿಗಿಂತಲೂ ಒಳಗೆ ನುಗ್ಗಿ, ಸೂರ್ಯನಿಂದ ಬರೀ 2.1 ಕೋಟಿ ಕಿ.ಮೀ. ದೂರದಲ್ಲಿ ಗಿರ್ರನೆ ತಿರುಗಿ ಹೊರಗೆ ಓಡುತ್ತದೆ. ಆ ತಿರುವಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 109 ಕಿ.ಮೀ., ಮೈ ಬಿಸಿ 700 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ. ಒಂದು ಸುತ್ತಿಗೆ 524 ದಿನ ಬೇಕು, ಆದರೆ ಅದರಲ್ಲಿ ಬಹುಪಾಲು ಹೊರಗಿನ ಚಳಿಯಲ್ಲೇ ಕಳೆಯುತ್ತದೆ. ಇದನ್ನು ಯಾವ ನಿಂತ ಚಿತ್ರವೂ ಇಷ್ಟು ಚೆನ್ನಾಗಿ ತೋರಿಸಲ್ಲ.

ಆಮೇಲೆ 2021 ಪಿಎಚ್27 ಅನ್ನೋ ಇನ್ನೊಂದು ಕ್ಷುದ್ರಗ್ರಹ ಹುಡುಕಿ. ಚಿಲಿಯ ಸೆರ್ರೊ ಟೊಲೊಲೊದಲ್ಲಿರುವ ಟೆಲಿಸ್ಕೋಪ್‌ನಿಂದ ಸಿಕ್ಕಿದ್ದು, ಸುಮಾರು 115 ದಿನಕ್ಕೇ ಒಂದು ಸುತ್ತು. ಮೇಲಿನಿಂದ ನೋಡಿದರೆ ಅದರ ದಾರಿ ಶುಕ್ರನ ದಾರಿಯನ್ನು ಕತ್ತರಿಸುವಂತೆ ಕಾಣುತ್ತದೆ. ಚಿತ್ರವನ್ನು ಎಳೆದು ಪಕ್ಕದಿಂದ ನೋಡಿ, ಕಕ್ಷೆ ಸುಮಾರು 32 ಡಿಗ್ರಿ ಓರೆ! ನನಗೆ ಇಡೀ ಸೇವೆಯಲ್ಲಿ ಹೆಚ್ಚು ಇಷ್ಟವಾದದ್ದು ಹೀಗೆ ತಿರುಗಿಸಿ ನೋಡುವ ಸೌಲಭ್ಯವೇ.

ಷರತ್ತು ಕೊಟ್ಟು ಹುಡುಕುವ ಕ್ವೆರಿ ವಿಭಾಗವೂ ಚೆನ್ನಾಗಿದೆ. ಪೆರಿಹೀಲಿಯನ್ (ಸೂರ್ಯನಿಗೆ ಅತಿ ಹತ್ತಿರ ಬಂದಾಗಿನ ದೂರ) 0.15 ಖಗೋಳಮಾನಕ್ಕಿಂತ ಕಡಿಮೆ ಅಂತ ಕೊಟ್ಟರೆ ಇಂಥ ಹುಚ್ಚು ಕಲ್ಲುಗಳ ಪಟ್ಟಿಯೇ ಬರುತ್ತದೆ. ಸೂರ್ಯನಿಗೆ ಸುಮಾರು 1 ಕೋಟಿ ಕಿ.ಮೀ.ವರೆಗೂ ಹೋಗುವ 2005 ಎಚ್‌ಸಿ4 ಕೂಡ ಅದರಲ್ಲಿದೆ. ಆದರೆ ಪ್ರತಿಯೊಂದಕ್ಕೂ ಕಂಡಿಷನ್ ಕೋಡ್ ನೋಡಿಕೊಳ್ಳಿ. 0 ಇದ್ದರೆ ಕಕ್ಷೆ ಪಕ್ಕಾ, 9ರ ಹತ್ತಿರ ಹೋದಷ್ಟೂ ಅಂದಾಜು.

ಕೊರತೆ ಇಲ್ಲ ಅಂತಲ್ಲ. ಎಲ್ಲವೂ ಇಂಗ್ಲಿಷ್‌ನಲ್ಲೇ ಇದೆ. ಕಕ್ಷೆಯ ದೂರಗಳನ್ನು ಖಗೋಳಮಾನದಲ್ಲಿ (ಭೂಮಿ-ಸೂರ್ಯರ ನಡುವಿನ ಸರಾಸರಿ ದೂರ) ಕೊಡುತ್ತಾರೆ, 1ಕ್ಕೆ ಸುಮಾರು 15 ಕೋಟಿ ಕಿ.ಮೀ. ಅಂತ ನಾವೇ ಗುಣಿಸಿಕೊಳ್ಳಬೇಕು. ಫೋನಿಗಿಂತ ದೊಡ್ಡ ಪರದೆ ವಾಸಿ. ಇನ್ನು ಚಿತ್ರದ ಹಿಂದಿರುವುದು ಸೂರ್ಯ ಮತ್ತು ಆ ಕಲ್ಲು, ಇವೆರಡರ ಸರಳ ಲೆಕ್ಕ, ಹಾಗಾಗಿ ದಶಕಗಳಾಚೆಯ ಜಾಗ ತಿಳಿಯೋಕೆ ಇದನ್ನು ನಂಬಬೇಡಿ. ಅದಕ್ಕೆ ನಿಖರ ಜಾಗ ಲೆಕ್ಕ ಹಾಕಿಕೊಡುವ ಜೆಪಿಎಲ್‌ನದೇ ಹೊರೈಜನ್ಸ್ ಸೇವೆ ಇದೆ, ಬರೀ ಅಂಕಿಗಳ ಸಾಲು ನೋಡುವ ತಾಳ್ಮೆ ಇದ್ದರೆ.